ಆಲ್ಬಂ ವಿಮರ್ಶೆ ಬರೆಯೋ ಮುಂಚೆ ಕಿವಿಗೆ ಕೆಲಸ ಕೊಡಿ

ಹಾಡುಗಳನ್ನು ಮಿಕ್ಸ್ ಮಾಡೋದು ನನ್ನ ಕೆಲಸ. ಬಿಡುವಾದಾಗ ಆಲ್ಬಂಗಳ ಬಗ್ಗೆ ಬರೆಯುತ್ತೇನೆ, ಸ್ನೇಹಿತರು ಬರೆದದ್ದನ್ನು ತಿದ್ದಿಕೊಡುತ್ತೇನೆ. ತಿದ್ದಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಇಂಥ ಮಾತುಗಳು: "ಪ್ರೊಡಕ್ಷನ್ ಅದ್ಭುತ", "ಬೇರೆಯೇ ಲೋಕಕ್ಕೆ ಕರೆದೊಯ್ಯುತ್ತದೆ", "ಕೊನೆಕೊನೆಗೆ ಸ್ವಲ್ಪ ಎಳೆದಂತಾಯಿತು". ಇವನ್ನು ಯಾವ ಆಲ್ಬಂಗೆ ಬೇಕಾದರೂ ಅಂಟಿಸಬಹುದು, ಅಲ್ವಾ? ಬರೆದವರು ಕೇಳಿದ್ದಾದರೂ ಏನು ಅಂತ ನನಗೆ ಗೊತ್ತಾಗುವುದೇ ಇಲ್ಲ. ನಿಮ್ಮ ಅಭಿಪ್ರಾಯ ಏನೇ ಇರಲಿ, ಅದಕ್ಕೆ ಶಬ್ದದಲ್ಲಿ ಸಾಕ್ಷಿ ಬೇಕು. ಇಂಡಿ (ದೊಡ್ಡ ಕಂಪನಿಗಳ ಹೊರಗಿನ ಸಂಗೀತ), ಹಿಪ್‌ಹಾಪ್, ಎಲೆಕ್ಟ್ರಾನಿಕ್ ಆಲ್ಬಂಗಳಲ್ಲಿ ಆ ಸಾಕ್ಷಿ ಹುಡುಕುವ ನನ್ನ ದಾರಿ ಹೀಗಿದೆ.

ಮೊದಲ ಸಲ ಏನೂ ಬರೆದುಕೊಳ್ಳಬೇಡಿ. ಸುಮ್ನೆ ಶುರುವಿನಿಂದ ಕೊನೆವರೆಗೆ ಕೇಳಿ. ಅದಕ್ಕೂ ಮುಂಚೆ ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ, ಒಂದು ಹಾಡಿನ ತುದಿಗೆ ಮುಂದಿನದನ್ನು ಬೆರೆಸುವ ಕ್ರಾಸ್‌ಫೇಡ್ ಕೂಡ ಆಫ್ ಮಾಡಿ. ಹಾಡುಗಳ ಕ್ರಮವೂ ಕೆಲಸದ ಭಾಗ. ಜೆ ಡಿಲ್ಲಾ ಅವರ 'ಡೋನಟ್ಸ್' (2006) ತಗೊಳ್ಳಿ. 31 ತುಣುಕುಗಳು, ಹೆಚ್ಚಿನವು ಒಂದು, ಒಂದೂವರೆ ನಿಮಿಷದವು. ಕೊನೆಯದರ ತುದಿ ಹೋಗಿ ಮೊದಲನೆಯದರ ಶುರುವಿಗೆ ಸೇರಿಕೊಳ್ಳುತ್ತದೆ. ಶಫಲ್‌ನಲ್ಲಿ ಕೇಳಿ "ಬಿಡಿಬಿಡಿಯಾಗಿದೆ" ಅಂತ ಬರೆದರೆ ಅದು ಶಫಲ್‌ನ ವಿಮರ್ಶೆ ಆಗುತ್ತದೆ.

ಎರಡನೇ ಸಲ ಕಾಗದ ಹಿಡಿಯಿರಿ. ಗುಣವಾಚಕ ಬೇಡ, ಸಮಯ ಮತ್ತು ನಡೆದದ್ದು ಸಾಕು. "2:14, ಬೇಸ್ ನಿಂತಿತು, ದನಿ ಒಂಟಿ." "3:40, ಅದೇ ಲೂಪ್, ಆದರೆ ಸ್ನೇರ್ ಇಲ್ಲ." (ಲೂಪ್ ಅಂದರೆ ಮತ್ತೆ ಮತ್ತೆ ಬರುವ ತುಣುಕು, ಸ್ನೇರ್ ಅಂದರೆ ಚಟ್ ಅನ್ನುವ ಡ್ರಮ್.) ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಆಮೇಲಿನ ಮಾತು. ಇಂಥ ಟಿಪ್ಪಣಿ ಒಂದು ಪುಟ ತುಂಬಿದರೆ ವಿಮರ್ಶೆಯ ಅರ್ಧ ಕೆಲಸ ಆಗಿಹೋಯಿತು.

ಯಾವುದರಲ್ಲಿ ಕೇಳುತ್ತೀರಿ ಅನ್ನೋದೂ ಮುಖ್ಯ. ದುಬಾರಿ ಸಾಮಾನು ಬೇಕಿಲ್ಲ, ಆದರೆ ಬರೀ ಫೋನ್ ಸ್ಪೀಕರ್ ಸಾಲದು. 808 ಅನ್ನೋ ಡ್ರಮ್ ಯಂತ್ರದ ಕಿಕ್‌ನ (ದಪ್ಪ ಡ್ರಮ್ ಪೆಟ್ಟಿನ) ಗುಮ್ಮು ಇರುವುದು 50 ಹರ್ಟ್ಸ್ ಆಸುಪಾಸಿನಲ್ಲಿ. ಫೋನಿನ ಪುಟ್ಟ ಸ್ಪೀಕರ್ ಅದನ್ನು ನುಡಿಸುವುದೇ ಇಲ್ಲ ಅನ್ನಬಹುದು. ಹೆಡ್‌ಫೋನ್‌ನಲ್ಲಿ ಒಂದು ಸಲ, ಗಾಳಿ ಅಲುಗಿಸುವಂಥ ಸ್ಪೀಕರ್‌ನಲ್ಲಿ ಇನ್ನೊಂದು ಸಲ ಕೇಳಿ. ಬೇಸ್ ಬೂಸ್ಟ್ ತೆಗೆಯಿರಿ. ಎರಡು ಆಲ್ಬಂ ಹೋಲಿಸುವುದಿದ್ದರೆ ಹಾಡುಗಳನ್ನು ಒಂದೇ ಜೋರಿಗೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಇರಲಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿ ನಂಬಿಬಿಡುತ್ತದೆ. ದಿನವೂ ಇದೇ ಕೆಲಸ ಮಾಡುವ ನನ್ನ ಕಿವಿಯೂ ಇದಕ್ಕೆ ಹೊರತಲ್ಲ.

ಈಗ ಹಿಪ್‌ಹಾಪ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅತಿ ಹೆಚ್ಚು ಕೆಟ್ಟ ವಿಮರ್ಶೆ ಬರುವುದು ಇದರ ಮೇಲೆಯೇ. ಬಹಳ ಜನ ಸಾಹಿತ್ಯವನ್ನು ಪರದೆಯ ಮೇಲೆ ಓದಿ, ಅದರ ಸಾರಾಂಶ ಬರೆದು, "ಆಳವಾಗಿದೆ" ಅಂತ ಮುಗಿಸುತ್ತಾರೆ. ರಾಪ್‌ನ ಅರ್ಧ ಜೀವ ಇರುವುದು ಮಾತು ಬೀಳುವ ಜಾಗದಲ್ಲಿ. ಹೀಗೆ ಮಾಡಿ ನೋಡಿ: ಸ್ನೇರ್ ಬೀಳುವ ಎರಡು ಮತ್ತು ನಾಲ್ಕನೇ ಎಣಿಕೆಗೆ ಬೆರಳು ತಟ್ಟುತ್ತಾ ಒಂದು ವರ್ಸ್ (ಚರಣ) ಕೇಳಿ. ಪ್ರಾಸ ಬೆರಳಿನ ಜೊತೆಗೇ ಬೀಳುತ್ತಿದೆಯಾ, ಸ್ವಲ್ಪ ಮುಂಚೆಯಾ, ಹಿಂದೆ ಎಳೆಯುತ್ತಿದೆಯಾ? ಸಾಲಿನ ಕೊನೆಯಲ್ಲಿ ಮಾತ್ರ ಪ್ರಾಸ ಇದೆಯಾ, ನಡುವೆಯೂ ಹೆಣೆದಿದ್ದಾರಾ? ಉಸಿರು ಎಲ್ಲಿ ತಗೊಂಡರು? ರಾಪರ್ ಎಮ್‌ಎಫ್ ಡೂಮ್ ಮತ್ತು ಸಂಗೀತ ಕಟ್ಟುವ ಮ್ಯಾಡ್‌ಲಿಬ್ ಸೇರಿ ಮಾಡಿದ 'ಮ್ಯಾಡ್‌ವಿಲನಿ' (2004) ಇದಕ್ಕೆ ಒಳ್ಳೆಯ ಅಭ್ಯಾಸ. ಹೆಚ್ಚಿನ ಹಾಡುಗಳು ಚಿಕ್ಕವು, ಪಲ್ಲವಿಯೇ ಇಲ್ಲದವು ಬಹಳ. ಮಾತು ಒಂದು ಸಾಲಿನಿಂದ ತುಳುಕಿ ಮುಂದಿನ ಸಾಲಿಗೆ ಹೋಗುತ್ತದೆ. ಪಲ್ಲವಿಗಾಗಿ ಕಾಯುವ ಕಿವಿಗೆ ಅದು ಅಪೂರ್ಣ ಅನಿಸಬಹುದು. ಬೆರಳು ತಟ್ಟುತ್ತಾ ಕೇಳಿದವರಿಗೆ ಹಾಗನಿಸುವುದು ಕಷ್ಟ.

ಹಾಡಿನಲ್ಲಿ "ನಾನು" ಅಂದವರು ರಾಪರ್ ಅವರೇ ಆಗಿರಬೇಕಿಲ್ಲ. ಪಾತ್ರ ಕಟ್ಟಿದ್ದಾರೆ ಅನಿಸಿದರೆ ಹಾಗಂತ ಬರೆಯಿರಿ. ಆದರೆ ಪಾತ್ರ ಅನ್ನೋದು ಎಲ್ಲ ಹೊಲಸಿಗೂ ಹೊದಿಕೆ ಆಗಬಾರದು. ಆ ಪಾತ್ರ ಆಲ್ಬಂನಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಕೇಳಿ.

ಬೀಟ್ (ರಾಪ್‌ನ ಹಿಂದಿನ ಸಂಗೀತ) ಬಗ್ಗೆ ಬರೆಯುವಾಗ ಕ್ರೆಡಿಟ್ಸ್ ಓದಿ. ಎಷ್ಟೋ ವಿಮರ್ಶೆಗಳಲ್ಲಿ ಬೀಟ್ ಕಟ್ಟಿದ ಪ್ರೊಡ್ಯೂಸರ್ ಹೆಸರೇ ಇರುವುದಿಲ್ಲ. ನನ್ನ ಮಟ್ಟಿಗೆ ಅದು ಅವಮಾನ. "ಸ್ಯಾಂಪಲ್ ತಾನೇ, ಸ್ವಂತದ್ದೇನಿದೆ?" ಅನ್ನುವವರಿಗೆ ಡಿಜೆ ಶ್ಯಾಡೋ ಅವರ 1996ರ 'ಎಂಟ್ರೊಡ್ಯೂಸಿಂಗ್' ಕೇಳಿಸಿ. ಹೆಚ್ಚುಕಡಿಮೆ ಪೂರ್ತಿ ಹಳೆಯ ರೆಕಾರ್ಡ್‌ಗಳ ಚೂರುಗಳಿಂದ, ಅಂದರೆ ಸ್ಯಾಂಪಲ್‌ಗಳಿಂದ, ಕಟ್ಟಿದ ಆಲ್ಬಂ ಅದು. ಕೇಳಬೇಕಾದ ಪ್ರಶ್ನೆ: ಎಲ್ಲಿ ಕತ್ತರಿಸಿದರು, ವೇಗ ಬದಲಿಸಿದರಾ, ಮೂಲದ ಭಾವ ಉಳಿಯಿತಾ ತಲೆಕೆಳಗಾಯಿತಾ?

ಇನ್ನೊಂದು ವಿಷಯ ತಲೆಯಲ್ಲಿರಲಿ. 1991ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ರಾಪರ್ ಬಿಝ್ ಮಾರ್ಕಿ ಮೇಲಿನ ಪ್ರಕರಣದಲ್ಲಿ, ಅನುಮತಿ ಇಲ್ಲದೆ ಸ್ಯಾಂಪಲ್ ಬಳಸಿದ್ದು ತಪ್ಪು ಅಂತ ತೀರ್ಪು ಕೊಟ್ಟಿತು. ಆಮೇಲೆ ಪ್ರತಿ ಚೂರಿಗೂ ಅನುಮತಿ, ಪ್ರತಿ ಚೂರಿಗೂ ದುಡ್ಡು. 80ರ ದಶಕದ ಕೊನೆಯ ಆಲ್ಬಂಗಳಷ್ಟು ಸ್ಯಾಂಪಲ್ ದಟ್ಟಣೆ ಈಗ ಯಾಕಿಲ್ಲ ಅಂತ ಗೊಣಗುವವರು ಇದನ್ನು ಮರೆಯುತ್ತಾರೆ.

ಎಲೆಕ್ಟ್ರಾನಿಕ್ ಆಲ್ಬಂಗಳ ಮೇಲೆ ಬರುವ ದೂರು ಒಂದೇ: "ಅದದೇ ರಿಪೀಟ್." ಹೌದು, ರಿಪೀಟ್. ಅದೇ ಅದರ ಕಟ್ಟಡ. ಒಳಗೆ ಏನು ಬದಲಾಗುತ್ತಿದೆ ಅಂತ ನೋಡಬೇಕು. ಒಂದು ಟ್ರ್ಯಾಕ್ ಆರಿಸಿ. ಪೂರ್ತಿ ಹೊತ್ತು ಹೈ-ಹ್ಯಾಟ್ (ಟಿಸ್ ಟಿಸ್ ಅನ್ನುವ ತಾಳದ ಶಬ್ದ) ಒಂದನ್ನೇ ಹಿಂಬಾಲಿಸಿ. ಇನ್ನೊಂದು ಸಲ ಬೇಸ್ ಮಾತ್ರ. ಫಿಲ್ಟರ್ ನಿಧಾನವಾಗಿ ತೆರೆದು ಶಬ್ದ ತಿಳಿಯಾಗುವುದು, ರಿವರ್ಬ್ (ಅನುರಣನ) ಉದ್ದವಾಗುವುದು, ಒಂದು ಕಿಕ್ ಬೇಕಂತಲೇ ತಪ್ಪುವುದು, ಎಲ್ಲಾ ಆಗ ಕೇಳಿಸುತ್ತದೆ.

ಇದರ ಹಿಂದೆ ಚರಿತ್ರೆಯೂ ಇದೆ. ರೋಲೆಂಡ್ ಕಂಪನಿ ಟಿಬಿ-303 ಅನ್ನೋ ಯಂತ್ರ ಮಾಡಿದ್ದು ಬೇಸ್ ಗಿಟಾರಿಗೆ ಬದಲಿಯಾಗಿ. ಬೇಸ್ ಗಿಟಾರಿನ ಹಾಗೆ ಅದು ಕೇಳಿಸಲೇ ಇಲ್ಲ, ಮಾರಾಟವೂ ಆಗಲಿಲ್ಲ, 1984ರ ಹೊತ್ತಿಗೆ ನಿಲ್ಲಿಸಿಬಿಟ್ಟರು. ಶಿಕಾಗೊದ ಫ್ಯೂಚರ್ ಗುಂಪು ಅದನ್ನು ಓಡಲು ಬಿಟ್ಟು ಗುಂಡಿಗಳನ್ನು ತಿರುಗಿಸುತ್ತಾ ಕೂತಿತು. 1987ರಲ್ಲಿ ಹೊರಬಂದ ಆ ಕಿರಗುಡುವ ಶಬ್ದದಿಂದ ಆ್ಯಸಿಡ್ ಹೌಸ್ ಅನ್ನೋ ಡ್ಯಾನ್ಸ್ ಸಂಗೀತ ಹುಟ್ಟಿತು. ಅಲ್ಲಿ ಸ್ವರಗಳು ಬದಲಾಗುವುದೇ ಇಲ್ಲ, ಗುಂಡಿ ತಿರುಗುವುದೇ ರಾಗ. ಸ್ವರ ಎಣಿಸುತ್ತಾ ಕೂತವರಿಗೆ ಅದರಲ್ಲಿ ಏನೂ ಸಿಗುವುದಿಲ್ಲ.

ಆ್ಯಂಬಿಯೆಂಟ್ (ವಾತಾವರಣದಂತೆ ಸುತ್ತ ಹರಡುವ ಸಂಗೀತದ) ಆಲ್ಬಂ ಆದರೆ ಕಡಿಮೆ ವಾಲ್ಯೂಮ್‌ನಲ್ಲೂ ಒಮ್ಮೆ ಹಾಕಿಟ್ಟು ಬೇರೆ ಕೆಲಸ ಮಾಡಿ. ಸಂಗೀತಗಾರ ಬ್ರಯನ್ ಈನೊ 1978ರಲ್ಲೇ ಹೇಳಿದ್ದರು: ಈ ಸಂಗೀತ ಗಮನ ಸೆಳೆಯುವಷ್ಟೇ ಸುಲಭವಾಗಿ ಗಮನದಿಂದ ಜಾರಲೂ ಬೇಕು. ಹಾಗಾಗಿ "ಹಿನ್ನೆಲೆಗೆ ಸರಿಯಿತು" ಅನ್ನೋದು ಇಲ್ಲಿ ಬೈಗುಳವಲ್ಲ. ಕಿವಿಗೊಟ್ಟಾಗಲೂ ಏನಾದರೂ ಉಳಿಯಿತಾ ಅನ್ನೋದು ಪರೀಕ್ಷೆ.

ಇಂಡಿ ಬಗ್ಗೆ ಎರಡೇ ಮಾತು. ಕಥೆಗೆ ಮಾರುಹೋಗಬೇಡಿ. ಮನಸ್ಸು ಮುರಿದುಕೊಂಡು, ಮಲಗುವ ಕೋಣೆಯಲ್ಲಿ, ಒಂದೇ ಮೈಕ್‌ನಲ್ಲಿ ರೆಕಾರ್ಡ್ ಮಾಡಿದರಂತೆ. ಇರಬಹುದು, ಆದರೆ ಅದು ಪ್ರಚಾರದ ಕಾಗದದಲ್ಲಿ ಬಂದದ್ದು, ಹಾಡಿನಲ್ಲಿ ಕೇಳಿಸಿತಾ ಹೇಳಿ. ಇನ್ನು, ಮಸುಕು ಶಬ್ದ ಕಂಡ ತಕ್ಷಣ ಅದನ್ನು ದೋಷ ಅನ್ನಬೇಡಿ. ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡಿನ 'ಲವ್‌ಲೆಸ್' (1991) ಆಲ್ಬಂನಲ್ಲಿ ದನಿಯನ್ನು ಗಿಟಾರುಗಳ ಒಳಗೆ ಬೇಕಂತಲೇ ಹುದುಗಿಸಿದ್ದಾರೆ. ಪದ ಹೋಯಿತು ನಿಜ, ಬದಲಿಗೆ ಏನು ಸಿಕ್ಕಿತು? ಏನೂ ಸಿಗದಿದ್ದರೆ ಆಗ ದೋಷ ಅನ್ನಿ.

ಬರೆಯಲು ಕೂತಾಗ ಬ್ಯಾಂಡ್ ಹುಟ್ಟಿದ ಕಥೆಯಿಂದ ಶುರು ಮಾಡಬೇಡಿ. ಆಲ್ಬಂನ ಒಂದು ಜಾಗದಿಂದ ಶುರು ಮಾಡಿ, ಆ 2:14ರಿಂದ. ನಿಮ್ಮ ತೀರ್ಮಾನ ಒಂದು ವಾಕ್ಯದಲ್ಲಿ ಬರಲಿ. ಹೊಗಳಿದರೆ ನಿಮಗೆ ಅತಿ ಕಡಿಮೆ ಇಷ್ಟವಾದ ಹಾಡನ್ನೂ ಹೆಸರಿಸಿ. ತೆಗಳಿದರೆ ತೀರ್ಮಾನವನ್ನು ಅಲುಗಿಸಿದ ಹಾಡನ್ನು ಹೇಳಿ. "ಇವರ ಥರ, ಅವರ ಥರ" ಅನ್ನೋದು ಜಾಸ್ತಿ ಬೇಡ. ಹೋಲಿಸಿದರೆ ಯಾವುದರಲ್ಲಿ ಹೋಲಿಕೆ ಅಂತ ಹೇಳಿ: ಡ್ರಮ್ಮಾ, ದನಿಯಾ, ಹಾಡಿನ ಉದ್ದವಾ? ಹೊಸಬರು ಅಂತ ರಿಯಾಯಿತಿ ಬೇಡ, ಗೇಲಿಯೂ ಬೇಡ. ಕಲಾವಿದರ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಿ ಬೈಯುವುದಂತೂ ಬೇಡವೇ ಬೇಡ.

ಅಂಕ ಕೊಡಲೇಬೇಕಾದರೆ ಕೊನೆಗೆ ಕೊಡಿ. ಮೊದಲೇ 7 ಅಂತ ಬರೆದಿಟ್ಟರೆ ಇಡೀ ಬರಹ ಆ 7ಕ್ಕೆ ವಕಾಲತ್ತು ಮಾಡುತ್ತದೆ. ಡಾಫ್ಟ್ ಪಂಕ್‌ನ 'ಡಿಸ್ಕವರಿ'ಗೆ ಪಿಚ್‌ಫೋರ್ಕ್ 2001ರಲ್ಲಿ 6.4 ಕೊಟ್ಟಿತ್ತು, 2021ರಲ್ಲಿ ಅದೇ ಪತ್ರಿಕೆ ಅದನ್ನು 10 ಮಾಡಿತು. ಆ ದಶಮಾಂಶದ ನಿಖರತೆ ನೋಡಿದರೆ ನನಗೆ ಈಗಲೂ ನಗು ಬರುತ್ತದೆ.

ಕರಡು ಮುಗಿದ ಮೇಲೆ ಕೆಲವು ದಿನ ಬಿಡಿ. ಆಮೇಲೆ ಕರಡನ್ನು ಕೈಯಲ್ಲಿ ಹಿಡಿದು ಆಲ್ಬಂ ಇನ್ನೊಮ್ಮೆ ಕೇಳಿ. ಶಬ್ದದಲ್ಲಿ ಸಾಕ್ಷಿ ಸಿಗದ ವಾಕ್ಯಕ್ಕೆಲ್ಲಾ ಗೆರೆ ಎಳೆಯಿರಿ. ನನ್ನ ಕರಡಿನಲ್ಲಿ ಸಾಮಾನ್ಯವಾಗಿ ಹೋಗುವುದು ಮೊದಲ ಪ್ಯಾರಾ.