ದಂಡಿಗೆ ಹೋದವನು ಎಲ್ಲಿ ತೀರಿಕೊಂಡ? ಹುಡುಕುವ ದಾರಿ

ಬೆಳಗಾವಿ, ಧಾರವಾಡ, ಕೊಡಗು, ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹೀಗೊಂದು ಮಾತು ಉಳಿದಿರುತ್ತದೆ: "ನಮ್ಮ ಮುತ್ತಜ್ಜನ ತಮ್ಮ ದಂಡಿಗೆ ಹೋದ, ಬಸ್ರಾದಲ್ಲಿ ತೀರಿಕೊಂಡನಂತೆ." ಅದರಾಚೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಮದುವೆಯಾಗದೆ ಸತ್ತ ಹುಡುಗ. ಮಕ್ಕಳಿಲ್ಲ, ಹಾಗಾಗಿ ಎಡೆ ಇಡುವವರೂ ಇಲ್ಲ. ಇಂಥವನು ಯಾವ ದಿನ, ಯಾವ ಊರಿನ ಹತ್ತಿರ ಸತ್ತ ಎಂಬುದನ್ನು ಇವತ್ತು ಮನೆಯಲ್ಲೇ ಕೂತು ಪತ್ತೆ ಮಾಡಬಹುದು. ಹುಡುಕುವ ಕ್ರಮ ಮಾತ್ರ ಸರಿಯಿರಬೇಕು. ಸೈನ್ಯದ ದಾಖಲೆಗಳನ್ನು ಜೋಡಿಸಿರುವುದು ಮನೆತನದ ಪ್ರಕಾರ ಅಲ್ಲ, ಪಲ್ಟನ್ನು (ಅವನಿದ್ದ ಸೇನಾ ತುಕಡಿ) ಮತ್ತು ಸಿಪಾಯಿ ನಂಬರಿನ ಪ್ರಕಾರ. ಅವೆರಡು ಗೊತ್ತಿಲ್ಲದೆ ಸುಮ್ನೆ ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನವರು ಸಾಲುಸಾಲಾಗಿ ಬರುತ್ತಾರೆ.

ಮೊದಲು ಮನೆಯ ಟ್ರಂಕು ನೋಡಿ

ಪಿಂಚಣಿ ಕಾಗದ, ಮನಿ ಆರ್ಡರ್ ರಸೀದಿ, ಹಳೇ ಪೋಸ್ಟ್ ಕಾರ್ಡು, ಯಾವುದನ್ನೂ ಬಿಡಬೇಡಿ. ಎಲ್ಲಕ್ಕಿಂತ ಜಾಸ್ತಿ ಹೇಳುವುದು ಪದಕ. ಮೊದಲ ಮಹಾಯುದ್ಧದ ದುಂಡು ಪದಕ ಸಿಕ್ಕರೆ ಮುಖ ನೋಡಿ ಇಟ್ಟುಬಿಡಬೇಡಿ, ಅಂಚನ್ನು ನೋಡಿ. ನಾಣ್ಯದ ದಪ್ಪದಷ್ಟೇ ಇರುವ ಆ ಅಂಚಿನ ಸುತ್ತ ನಂಬರು, ಹುದ್ದೆ, ಹೆಸರು, ಪಲ್ಟನ್ನು ನಾಲ್ಕನ್ನೂ ಒತ್ತಿರುತ್ತಾರೆ. ಅಕ್ಷರ ಬಹಳ ಸಣ್ಣವು, ಸವೆದಿರುತ್ತವೆ. ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ, ಇರುವುದೂ ಅಳಿಸಿಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ.

ಲೋಹವೂ ಒಂದು ಸುಳಿವು. ಕುದುರೆ ಸವಾರನ ಚಿತ್ರವಿರುವ ಬ್ರಿಟಿಷ್ ವಾರ್ ಮೆಡಲ್ ಸಿಪಾಯಿಗಳಿಗೆ ಬೆಳ್ಳಿಯದು. ಅದೇ ಪದಕ ಕಂಚಿನದಾಗಿದ್ದರೆ ಅವರು ಲೇಬರ್ ಕೋರ್‌ನಂಥ ಕೂಲಿ ಪಡೆಯಲ್ಲಿ ಇದ್ದಿರಬಹುದು. ಸುಮಾರು 12 ಸೆಂಟಿಮೀಟರ್ ಅಗಲದ, ಸಿಂಹ ಮತ್ತು ಹೆಂಗಸಿನ ಚಿತ್ರವಿರುವ ದೊಡ್ಡ ಕಂಚಿನ ಬಿಲ್ಲೆ ಇದ್ದರೆ ಅದನ್ನು ಪಾತ್ರೆ ಅಂಗಡಿಗೆ ಹಾಕಬೇಡಿ. ಯುದ್ಧದಲ್ಲಿ ಸತ್ತವರ ಮನೆಯವರಿಗೆ ಕೊಟ್ಟದ್ದು ಅದು. ಅದರ ಮೇಲಿರುವುದು ಅವನದೇ ಹೆಸರು.

ಪದಕ ಇಲ್ಲದಿದ್ದರೆ ಹಿರಿಯರನ್ನು ಕೇಳಿ. "ಯಾವ ರೆಜಿಮೆಂಟು?" ಎಂದರೆ ಯಾರಿಗೂ ಗೊತ್ತಿರುವುದಿಲ್ಲ. "ಭರ್ತಿಯಾಗಲು ಯಾವ ಊರಿಗೆ ಹೋದ?" ಎಂದು ಕೇಳಿ. ಬೆಳಗಾವಿ ಎಂದರೆ ಮರಾಠಾ ಪಲ್ಟನ್ನು ಇರಬಹುದು, ಬೆಂಗಳೂರು ಎಂದರೆ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ) ಅಥವಾ ಮೈಸೂರು ಲ್ಯಾನ್ಸರ್ಸ್ (ಕುದುರೆ ಸವಾರರ ಪಡೆ). ಖಚಿತವಲ್ಲ, ಆದರೆ ಶುರು ಮಾಡಲು ಸಾಕು.

ಆಮೇಲೆ ಕಮಿಷನ್ನಿನ ಪಟ್ಟಿ

ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಸಂಸ್ಥೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಅದರ ಜಾಲತಾಣದಲ್ಲಿ ಹುಡುಕಾಟ ಉಚಿತ. ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಹೆಸರುಗಳಿವೆ. 1914 ಆಗಸ್ಟ್ 4ರಿಂದ 1921 ಆಗಸ್ಟ್ 31, 1939 ಸೆಪ್ಟೆಂಬರ್ 3ರಿಂದ 1947 ಡಿಸೆಂಬರ್ 31 – ಈ ಅವಧಿಯಲ್ಲಿ ಸೈನ್ಯದಲ್ಲಿದ್ದು ಸತ್ತವರು. ಗುಂಡಿಗೆ ಬಿದ್ದವರಷ್ಟೇ ಅಲ್ಲ, ಕಾಲರಾ, ಇನ್‌ಫ್ಲುಯೆಂಜಾ ತಗುಲಿ ಸತ್ತವರು, ಸೆರೆಯಲ್ಲಿ ಸತ್ತವರೂ ಇದರಲ್ಲಿದ್ದಾರೆ.

ಇಲ್ಲಿ ಎಡವುವುದು ಹೆಸರಿನ ವಿಷಯದಲ್ಲಿ. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ಬಸಪ್ಪ, ಬಸ್ಸಪ್ಪ, ಬಾಸಪ್ಪ ಮೂರು ಬೇರೆ ಬೇರೆ ಕಾಗುಣಿತದಲ್ಲಿ ಇರಬಹುದು. ಹಾಗಾಗಿ ಹೆಸರಿನ ಜಾಗ ಖಾಲಿ ಬಿಡಿ. ಸೈನ್ಯದ ಜಾಗದಲ್ಲಿ ಇಂಡಿಯನ್ ಆರ್ಮಿ ಆರಿಸಿ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಊರು, ತಾಲೂಕು ಅಥವಾ ಜಿಲ್ಲೆ ಹಾಕಿ. ಅದೂ ಆ ಕಾಲದ ಹೆಸರೇ ಆಗಬೇಕು: ಧಾರ್ವಾರ್, ಬೆಲ್ಗಾಮ್, ಬಿಜಾಪುರ್, ಕೂರ್ಗ್, ಸೌತ್ ಕೆನರಾ, ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಹಾಗೆ. ಅನೇಕ ದಾಖಲೆಗಳಲ್ಲಿ 'ಇಂಥವರ ಮಗ, ಇಂಥ ಹಳ್ಳಿ, ಇಂಥ ತಾಲೂಕು' ಎಂಬ ಒಂದು ಸಾಲು ಇರುತ್ತದೆ. ಅಪ್ಪನ ಹೆಸರೂ ಹಳ್ಳಿಯೂ ಕೂಡಿ ಬಂದರೆ ಅವನೇ.

ಆ ದಾಖಲೆಯಲ್ಲಿರುವ ಸ್ಮಾರಕದ ಹೆಸರು ನೋಡಿದರೆ ಸತ್ತ ನಾಡು ಗೊತ್ತಾಗುತ್ತದೆ. ಬಸ್ರಾ ಎಂದರೆ ಈಗಿನ ಇರಾಕ್. ನವ್ ಶಾಪೆಲ್ ಎಂದರೆ ಫ್ರಾನ್ಸ್, ಬೆಲ್ಜಿಯಂ ಕಡೆ. ರಂಗೂನ್ ಸ್ಮಾರಕ ಬರ್ಮಾದ್ದು, ಕ್ರಾಂಜಿಯಲ್ಲಿರುವುದು ಸಿಂಗಾಪುರ, ಮಲಯದ್ದು. ಸಮಾಧಿ ಇಲ್ಲವೆಂದು ಬೇಸರ ಬೇಡ. ದಹನ ಮಾಡಿದವರ, ದೇಹ ಸಿಗದವರ ಹೆಸರು ಇಂಥ ಸ್ಮಾರಕಗಳಿಗೇ ಸೇರುತ್ತದೆ. ಬಸ್ರಾದಲ್ಲಿ ಒಂದು ಅನ್ಯಾಯವೂ ನಡೆದಿದೆ. 40,000ಕ್ಕೂ ಹೆಚ್ಚು ಜನರ ಸ್ಮಾರಕ ಅದು. ಅಧಿಕಾರಿಗಳ ಹೆಸರು ಕಲ್ಲಿಗೆ ಬಂತು, ನಮ್ಮ ಸಾಮಾನ್ಯ ಸಿಪಾಯಿಗಳು ಬರೀ ಸಂಖ್ಯೆಯಾಗಿ ಉಳಿದರು. ಇಂಥ ತಾರತಮ್ಯ ನಡೆದದ್ದನ್ನು ಕಮಿಷನ್ 2021ರಲ್ಲಿ ತಾನೇ ವರದಿ ಮಾಡಿ ಒಪ್ಪಿಕೊಂಡಿತು. ಕಲ್ಲಿನಲ್ಲಿ ಇಲ್ಲದ ಹೆಸರನ್ನು ಜಾಲತಾಣದಲ್ಲಿ ನೋಡಬಹುದು ಎಂಬುದು ಆ ಮನೆಗಳಿಗೆ ಸಣ್ಣ ವಿಷಯವಲ್ಲ.

ಆ ದಿನ ಏನಾಯಿತು?

ತಾರೀಖು, ಪಲ್ಟನ್ನು ಸಿಕ್ಕ ಮೇಲೆ ಪಲ್ಟನ್ನಿನ ಯುದ್ಧದ ಡೈರಿ ಹುಡುಕಿ. ದಿನದಿನವೂ ಅಧಿಕಾರಿಗಳು ಬರೆದಿಟ್ಟದ್ದು ಅದು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೊದಲ ಯುದ್ಧದ ಡೈರಿಗಳು ಡಬ್ಲ್ಯೂಓ 95 ಎಂಬ ಸಾಲಿನಲ್ಲಿವೆ. ಹಲವನ್ನು ಇಲ್ಲಿಂದಲೇ ಇಳಿಸಿಕೊಳ್ಳಬಹುದು. ಅದಕ್ಕೂ ಮೊದಲು ನಮ್ಮ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣ ನೋಡಿ. ಅಲ್ಲೂ ಯುದ್ಧದ ಡೈರಿಗಳಿವೆ, ಓದಲು ದುಡ್ಡಿಲ್ಲ.

ಉದಾಹರಣೆಗೆ, 117ನೇ ಮರಾಠಾ ಪಲ್ಟನ್ನಿನವನು 1916ರಲ್ಲಿ ಸತ್ತಿದ್ದಾನೆ ಎಂದುಕೊಳ್ಳಿ. ಆ ಪಲ್ಟನ್ನು ಇರಾಕಿನ ಕುತ್ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿತ್ತು. ಊಟವಿಲ್ಲದೆ ಸೊರಗಿ, 1916 ಏಪ್ರಿಲ್ 29ರಂದು ಅಲ್ಲಿದ್ದ ಸೈನ್ಯ ತುರ್ಕಿಯವರಿಗೆ ಶರಣಾಯಿತು. ಅವನು ಸತ್ತದ್ದು ಆ ದಿನಕ್ಕಿಂತ ಮೊದಲಾದರೆ ಮುತ್ತಿಗೆಯಲ್ಲಿರಬಹುದು, ಆಮೇಲಾದರೆ ಸೆರೆಯಲ್ಲಿರಬಹುದು. ಸೆರೆಯಾದವರಿಗೆ ಜಿನೀವಾದ ರೆಡ್‌ಕ್ರಾಸ್‌ನವರ 1914–18ರ ಕೈದಿಗಳ ಪಟ್ಟಿ ಅಂತರ್ಜಾಲದಲ್ಲೇ ಇದೆ. ನೆನಪಿಡಿ, ಪಲ್ಟನ್ನುಗಳ ನಂಬರು 1922ರಲ್ಲಿ ಬದಲಾಯಿತು. 117ನೆಯದು 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 5ನೇ ಬೆಟಾಲಿಯನ್ ಆಯಿತು.

ಡೈರಿಯಲ್ಲಿ ಅಧಿಕಾರಿಗಳ ಹೆಸರು ಇರುತ್ತದೆ, ಸಿಪಾಯಿಗಳದು ಹೆಚ್ಚಾಗಿ ಲೆಕ್ಕ ಮಾತ್ರ: ಇಷ್ಟು ಜನ ಸತ್ತರು, ಇಷ್ಟು ಜನಕ್ಕೆ ಗಾಯ. ಆ ಲೆಕ್ಕದಲ್ಲಿ ಒಬ್ಬ ನಿಮ್ಮವನು ಎಂದು ತಿಳಿದು ಓದುವಾಗ ಗಂಟಲು ಕಟ್ಟುತ್ತದೆ.

ಮೈಸೂರು ಲ್ಯಾನ್ಸರ್ಸ್‌ನವರಾದರೆ ದಾರಿ ಬೇರೆ. ಅದು ಸಂಸ್ಥಾನದ ಪಡೆ. 1918 ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಜೋಧಪುರದವರ ಜೊತೆ ಸೇರಿ ಗೆದ್ದವರು ಇವರೇ. ಯುದ್ಧದಲ್ಲಿ ಸತ್ತ ಲ್ಯಾನ್ಸರ್‌ಗಳ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಸಂಸ್ಥಾನದ ಕಡತಗಳಿಗೆ ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು.

1947ರ ನಂತರದವರಿಗೆ

1962, 1965, 1971ರಲ್ಲಿ ಹೋದವರ ವಿಷಯ ಸುಲಭ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ ಹೆಸರುಗಳಿವೆ, ಜಾಲತಾಣದಲ್ಲೂ ಹುಡುಕಬಹುದು. ಆಮೇಲೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ನಂಬರು, ಹೆಸರು, ನಿಮಗೂ ಅವರಿಗೂ ಇರುವ ಸಂಬಂಧದ ದಾಖಲೆ ಸಮೇತ ಪತ್ರ ಬರೆಯಿರಿ. ಮರಾಠಾದವರದು ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ತಮಿಳುನಾಡಿನ ವೆಲಿಂಗ್ಟನ್‌ನಲ್ಲಿ. ಪತ್ರ ಬರೆಯಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರ ನೆರವು ಕೇಳಬಹುದು.

ಹಳೇ ಯುದ್ಧದ ಪಟ್ಟಿಯಲ್ಲಿ ಹೆಸರು ತಪ್ಪಾಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಕಮಿಷನ್‌ಗೆ ತಿಳಿಸಬಹುದು. ಬಾಯಿಮಾತು ನಡೆಯುವುದಿಲ್ಲ. ಪದಕದ ಅಂಚಿನ ಫೋಟೊ, ಪಿಂಚಣಿ ಕಾಗದ, ಸತ್ತದ್ದನ್ನು ತಿಳಿಸಿದ ಸರ್ಕಾರಿ ಪತ್ರ, ಇವುಗಳಲ್ಲಿ ಸಿಕ್ಕಿದ್ದನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿ. ಮೂಲ ಪ್ರತಿಯನ್ನು ಮಾತ್ರ ಯಾರಿಗೂ ಕೊಡಬೇಡಿ.