ಕುರ್ಚಿಯಲ್ಲೇ ಕೂತು ಬರ್ಗೆನ್‌ನಿಂದ ಓಸ್ಲೊಗೆ

ಮೊಣಕಾಲಿನ ಆಪರೇಷನ್ ಆದಮೇಲೆ ಅಮ್ಮನಿಗೆ ಎರಡು ತಿಂಗಳು ಮನೆಯೇ ಗತಿ. ರೈಲೆಂದರೆ ಅವರಿಗೆ ಪ್ರಾಣ. ಹಾಗಾಗಿ ಟಿವಿಯಲ್ಲೇ ಕರೆದುಕೊಂಡು ಹೋಗೋಣ ಅಂದುಕೊಂಡೆ. ಆರಿಸಿದ್ದು ನಾರ್ವೆಯ ಬರ್ಗೆನ್–ಓಸ್ಲೊ ದಾರಿ. 1909ರಲ್ಲಿ ಶುರುವಾದ ಈ ದಾರಿಗೆ ನೂರು ತುಂಬಿದಾಗ ಅಲ್ಲಿನ ಎನ್‌ಆರ್‌ಕೆ ವಾಹಿನಿ ಏಳು ಗಂಟೆಗೂ ಜಾಸ್ತಿ ಹೊತ್ತಿನ ಇಡೀ ಪ್ರಯಾಣವನ್ನು ಟಿವಿಯಲ್ಲಿ ತೋರಿಸಿತ್ತು. ನಮಗೆ ಸಿಕ್ಕಿದ್ದು ಚಳಿಗಾಲದಲ್ಲಿ ಎಂಜಿನ್ ಒಳಗಿಂದ ತೆಗೆದ ಒಂದು ವಿಡಿಯೊ.

ಮೊದಲು ನಾನೊಬ್ಬಳೇ ನೋಡಿದ್ದೆ. ಸುರಂಗ ಬಂದಾಗಲೆಲ್ಲ ವಿಡಿಯೊ ಮುಂದಕ್ಕೆ ಓಡಿಸಿಬಿಟ್ಟೆ. ಅರ್ಧ ಗಂಟೆಗೇ ಬೇಸರ ಬಂತು. ಅಮ್ಮನ ಜೊತೆ ಕೂತಾಗ ರಿಮೋಟ್ ಕಪಾಟಿನಲ್ಲಿಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಕಿಟಕಿಗೆ ಪರದೆ, ಡಬ್ಬಿಯಲ್ಲಿ ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ, ನನ್ನ ಮೊಬೈಲಿನಲ್ಲಿ ನಕ್ಷೆ. ಈ ನಕ್ಷೆ ಬೇಕೇ ಬೇಕು. ಯಾವ ನೀರಿನ ಪಕ್ಕ ಹೋಗ್ತಿದ್ದೀವಿ, ಮುಂದಿನ ಊರು ಯಾವುದು ಅಂತ ಗೊತ್ತಾದರೇನೇ ಅದು ಪ್ರಯಾಣ.

ಈ ದಾರಿಯಲ್ಲಿ 180ಕ್ಕೂ ಹೆಚ್ಚು ಸುರಂಗಗಳಿವೆ. ಅಮ್ಮ ಒಂದೊಂದಕ್ಕೂ ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕತೊಡಗಿದರು. ವೊಸ್ ಅನ್ನೋ ಊರು ದಾಟಿ ಬೆಟ್ಟ ಹತ್ತುವಾಗ ತಕರಾರು ಶುರುವಾಯಿತು. ಹಿಮ ತುಂಬದಿರಲಿ ಅಂತ ಅಲ್ಲಲ್ಲಿ ಹಳಿಗೇ ಗೋಡೆ, ಸೂರು ಕಟ್ಟಿದ್ದಾರೆ. ಹಾಲಿಂಗ್‌ಸ್ಕೈಡ್ ಅನ್ನೋ ನಿಲ್ದಾಣವೇ ಅಂಥ ಸೂರಿನೊಳಗಿದೆ. "ಇದು ಸುರಂಗ ಅಲ್ವಲ್ಲೇ, ಬೀಜ ಹಾಕಲೋ ಬೇಡವೋ?" ಅಂತ ಕೇಳಿದರು. ಬೇಡ ಅಂತ ತೀರ್ಮಾನ ಆಯಿತು.

ಆಮೇಲೆ ಬಂತು 10 ಕಿ.ಮೀ.ಗೂ ಹೆಚ್ಚು ಉದ್ದದ ಫಿನ್ಸೆ ಸುರಂಗ. ಪರದೆ ಎಳೆದ ಕೋಣೆಯಲ್ಲಿ ಕತ್ತಲು, ಗಡಗಡ ಸದ್ದು. ಇಬ್ಬರೂ ಮಾತಾಡಲಿಲ್ಲ. ದೂರದಲ್ಲಿ ಸೂಜಿ ಮೊನೆಯಷ್ಟು ಬೆಳಕು ಕಂಡಿತು, ಬೆಳೆಯಿತು, ಇದ್ದಕ್ಕಿದ್ದಂತೆ ಎಲ್ಲೆಲ್ಲೂ ಬಿಳಿ! ಅಮ್ಮ ನನ್ನ ಕೈ ಹಿಡಿದುಕೊಂಡರು. 1,222 ಮೀಟರ್ ಎತ್ತರದ ಫಿನ್ಸೆ, ನಾರ್ವೆಯಲ್ಲೇ ಅತಿ ಎತ್ತರದ ನಿಲ್ದಾಣ. ಅಲ್ಲಿಗೆ ಕಾರು ಹೋಗುವ ರಸ್ತೆಯೇ ಇಲ್ಲ. ಮೊದಲ ಸಲ ನಾನು ಓಡಿಸಿ ಕಳೆದುಕೊಂಡಿದ್ದು ಇದನ್ನೇ.

ಇಳಿಜಾರಿನ ಕಾಡುಗಳಲ್ಲಿ ಅಮ್ಮ ನಿದ್ದೆ ಹೋದರು. ನಾನು ವಿಡಿಯೊ ನಿಲ್ಲಿಸಲಿಲ್ಲ. ಎದ್ದವರು "ಎಲ್ಲಿದ್ದೀವೇ?" ಅಂದರು, ನಕ್ಷೆ ತೋರಿಸಿದೆ. ನಾಲ್ಕು ಗಂಟೆ ದಾಟಿದ ಮೇಲೆ ಓಸ್ಲೊ ಬಂತು.

ಮುಂದಿನದು ನಾರ್ವೆಯಲ್ಲೇ ಟ್ರೊಂಡ್‌ಹೈಮ್‌ನಿಂದ ಬೋಡೊಗೆ, 729 ಕಿ.ಮೀ. ಇನ್ನೂ ಉದ್ದದ ದಾರಿ. ಅಡುಗೆ ಕೆಲಸ ಇರಲ್ಲ ಅಂತ ಅಮ್ಮ ಕ್ಯಾಲೆಂಡರಿನಲ್ಲಿ ಏಕಾದಶಿಗೆ ಗುರುತು ಹಾಕಿದ್ದಾರೆ.