ಜಪಾನಿನ ನಮ್ಮ ಮನೆ ಚಹಾಕ್ಕೆ ಹೊಸ ಪ್ಯಾಕೆಟ್: ನನ್ನ ಅನುಭವ

ಒಂದು ಬಿಳಿ ಚೀಲ, ಅದರ ಸುತ್ತ ಒಂದು ಕಾಗದದ ಪಟ್ಟಿ. ನಮ್ಮ ಹೊಸ ಪ್ಯಾಕೆಟ್ ಅಂದರೆ ಇಷ್ಟೇ. ಇಷ್ಟಕ್ಕೆ ಎರಡು ವರ್ಷದ ಹತ್ತಿರ ಹಿಡಿಯಿತು, ದುಡ್ಡೂ ಸಾಕಷ್ಟು ಹೋಯಿತು. ಆದರೆ ಈ ಸಲದ ಹೊಸ ಚಹಾ ಜೂನ್ ಮುಗಿಯುವ ಮೊದಲೇ ಖಾಲಿ, ಅದೂ ಬೆಲೆ ಏರಿಸಿದ ಮೇಲೆ. ಇದು ಆಗುವ ಕೆಲಸವಲ್ಲ ಅಂದವರೇ ಈಗ ಕಾಗದ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಚಿಕ್ಕಮಗಳೂರು, ಕೊಡಗಿನ ಕಡೆ ಸ್ವಂತ ಕಾಫಿ ಬ್ರ್ಯಾಂಡ್ ಮಾಡಿಕೊಂಡಿರುವ ಗೆಳೆಯರು, ಪರಂಪರೆ ಉಳಿಸಿಕೊಂಡು ಪ್ಯಾಕೆಟ್ ಹೇಗೆ ಬದಲಾಯಿಸಿದೆ ಅನ್ನೋದನ್ನ ಬರಿ ಅಂತ ಬೆನ್ನು ಹತ್ತಿದ್ದರು. ಪೌಚ್, ಸೀಲಿಂಗ್, ಲ್ಯಾಮಿನೇಷನ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ನಾನು ಮದುವೆಯಾಗಿ ಬಂದದ್ದು ಶಿಜುವೋಕಾದ ಮಕಿನೊಹಾರಾ ಕಡೆಯ ಚಹಾ ಮನೆತನಕ್ಕೆ. ಶೋಗನ್ ಅನ್ನುವ ಸೇನಾಧಿಪತಿಗಳ ಆಡಳಿತ ಮುಗಿದ ಮೇಲೆ ಕೆಲಸವಿಲ್ಲದೆ ಕೂತ ಸಮುರಾಯ್‌ಗಳು 1869ರಿಂದ ಪಾಳು ನೆಲ ಅಗೆದು ಚಹಾ ನೆಟ್ಟ ಪ್ರಸ್ಥಭೂಮಿ ಇದು. ನಮ್ಮದು ಸಣ್ಣ ಕಂಪನಿ. ತೋಟ, ಹಬೆ ಹಾಯಿಸುವ ಫ್ಯಾಕ್ಟರಿ, ಪ್ಯಾಕಿಂಗ್, ಅಂಗಡಿ, ಎಲ್ಲದಕ್ಕೂ ಮನೆಯವರೇ. ಬಹುಪಾಲು ಯಬುಕಿತಾ ತಳಿ, ಜಾಸ್ತಿ ಹೊತ್ತು ಹಬೆ ಕೊಟ್ಟ ಸೆಂಚಾ, ಅಂದರೆ ಎಲೆಯ ಹಸಿರು ಚಹಾ. ಬಾಟಲಿ ಚಹಾ ಬಂದ ಮೇಲೆ ಎಲೆ ಹಾಕಿ ಕುಡಿಯುವವರು ಕಡಿಮೆಯಾದರು. 2024ರಲ್ಲಂತೂ ಕಾಗೊಶಿಮಾ ಪ್ರಾಂತ್ಯ ಸುಮಾರು 27 ಸಾವಿರ ಟನ್ ತೆಗೆದು ನಮ್ಮ ಶಿಜುವೋಕಾವನ್ನೇ ಹಿಂದೆ ಹಾಕಿತು. ಎಲೆಯ ಸಗಟು ಬೆಲೆ ನಂಬಿ ಕೂತರೆ ಮನೆ ನಡೆಯಲ್ಲ, ನೂರು ಗ್ರಾಂ ಪ್ಯಾಕೆಟ್ಟೇ ನಮಗೆ ಗತಿ.

ಹಳೆ ಪ್ಯಾಕೆಟ್ ಹಸಿರು ಪೌಚ್, ಮೇಲೆ ಫ್ಯೂಜಿ ಬೆಟ್ಟ, ಚಿಗುರು ಕೊಯ್ಯುವ ಹೆಣ್ಣುಮಗಳು. ಈ ರಸ್ತೆಯ ಯಾವ ಅಂಗಡಿಗೆ ಹೋದರೂ ಅದೇ ಚಿತ್ರ. ಬದಲಾಯಿಸೋಣ ಅಂತ ದೊಡ್ಡ ಊರಿನ ಒಂದು ಡಿಸೈನ್ ಏಜೆನ್ಸಿ ಹತ್ತಿರ ಹೋದೆವು. 25 ಲಕ್ಷ ಯೆನ್ ಚಿಲ್ಲರೆ ಅಂದರು. ಒಂದು ಯೆನ್‌ಗೆ 60 ಪೈಸೆ ಅಂತ ಲೆಕ್ಕ ಹಾಕಿಕೊಳ್ಳಿ. ತೋರಿಸಿದ್ದು ಕಪ್ಪು ಚೀಲ, ಬೆಳ್ಳಿ ಅಕ್ಷರ, ಪ್ರೀಮಿಯಂ ಅಂತೆ. ಅತ್ತೆ ನೋಡಿದವರೇ "ಯಾರ ಮನೆ ಸಾವಿಗೆ?" ಅಂದರು.

ಅತ್ತೆ ಹೇಳಿದ್ದು ಸರಿಯೇ. ಇಲ್ಲಿ ಸಾವಿನ ಮನೆಗೆ ಬಂದು ಮುಯ್ಯಿ ಕೊಟ್ಟವರಿಗೆ ಆಮೇಲೆ ಮನೆಯವರು ಏನಾದರೂ ತಿರುಗಿ ಕಳಿಸಬೇಕು, ಹಾಗೆ ಕಳಿಸುವುದರಲ್ಲಿ ಚಹಾ ತುಂಬಾ ಸಾಮಾನ್ಯ. ಹಾಗಾಗಿ ಚಹಾ ಪ್ಯಾಕೆಟ್ ಮೇಲೆ ಕಪ್ಪು, ಬೆಳ್ಳಿ, ಬೂದು ಬಂದರೆ ಜನರ ಮನಸ್ಸು ನೇರ ಅಲ್ಲಿಗೇ ಹೋಗುತ್ತದೆ. ನಮಗೆ ತಾವರೆ ಅಂದರೆ ಲಕ್ಷ್ಮಿ, ಇಲ್ಲಿ ಕಾಣಿಕೆ ಮೇಲೆ ತಾವರೆ ಇದ್ದರೆ ಸಾವಿನದ್ದು. ಅದಕ್ಕೇ ತಾವರೆಯನ್ನು ಶುರುವಿಗೇ ಪಕ್ಕಕ್ಕಿಟ್ಟೆ. ಸೆಟ್‌ನಲ್ಲಿ ಮೂರು ಅಥವಾ ಐದು ಪ್ಯಾಕೆಟ್ ಇಡುತ್ತೇವೆ, ನಾಲ್ಕು ಇಡುವ ಹಾಗಿಲ್ಲ, ಜಪಾನಿಯಲ್ಲಿ ನಾಲ್ಕು ಅಂದರೆ ಸಾವು ಅಂದ ಹಾಗೆ ಕೇಳುತ್ತದೆ. ಪರಂಪರೆ ಅಂದರೆ ನನಗೆ ಇದೇ. ಕೊಡುವವರು, ತೆಗೆದುಕೊಳ್ಳುವವರು ಇಬ್ಬರಿಗೂ ಗೊತ್ತಿರುವ ನಡವಳಿಕೆ. ಬೆಟ್ಟ, ಹೂವು ಎಲ್ಲ ಆಮೇಲೆ.

ದಾರಿ ಸಿಕ್ಕಿದ್ದು ನಮ್ಮ ಗೋದಾಮಿನಲ್ಲೇ. ಹಳೆ ಚಬಾಕೊ, ಅಂದರೆ ಚಹಾ ತುಂಬಿಡುವ, ಸುಗಿ ಅನ್ನುವ ಜಪಾನಿ ಮರದ ಪೆಟ್ಟಿಗೆಗಳು ಅಲ್ಲಿದ್ದವು. ಒಳಗೆ ತಗಡಿನ ಹೊದಿಕೆ. ಹೊರಗೆ ಹಲಗೆ ಸೇರುವ ಪ್ರತಿ ಅಂಚಿಗೂ, ಮೂಲೆಗೂ ಎರಡು ಬೆರಳಗಲದ ವಾಶಿ, ಅಂದರೆ ಜಪಾನಿನ ಸಾಂಪ್ರದಾಯಿಕ ಕಾಗದದ ಪಟ್ಟಿ ಅಂಟಿಸಿರುತ್ತಾರೆ, ಗಾಳಿ, ತೇವ ನುಸುಳದ ಹಾಗೆ. ಒಂದು ಪೆಟ್ಟಿಗೆ ಮೇಲೆ ರಾಂಜಿ ಲೇಬಲ್‌ನ ಅರ್ಧ ತುಂಡು ಉಳಿದಿತ್ತು. ಮೇಜಿ ಚಕ್ರವರ್ತಿಯ ಕಾಲದಲ್ಲಿ (1868-1912) ಅಮೆರಿಕಕ್ಕೆ ಹೋಗುವ ಚಹಾ ಪೆಟ್ಟಿಗೆಗೆ ಅಂಟಿಸುತ್ತಿದ್ದ, ಮರದ ಅಚ್ಚಿನಲ್ಲಿ ಒತ್ತಿದ ಬಣ್ಣದ ಚೀಟಿ ಅದು. ಮೊದಲು ಯೊಕೊಹಾಮಾದಿಂದ ಹಡಗು ಹತ್ತುತ್ತಿತ್ತು, 1906ರಿಂದ ನಮ್ಮದೇ ಶಿಮಿಜು ಬಂದರಿನಿಂದ ನೇರ ಹೋಗತೊಡಗಿತು. ಸಾದಾ ಪೆಟ್ಟಿಗೆ, ಬಣ್ಣದ ಒಂದು ಚೀಟಿ, ಕಾಗದದ ಪಟ್ಟಿ. ಇದನ್ನೇ ನೂರು ಗ್ರಾಂ ಚೀಲಕ್ಕೆ ಇಳಿಸಿದರೆ ಸಾಕಲ್ವಾ ಅಂದೆ. ಮಾವನಿಗೆ ನಂಬಿಕೆ ಬರಲಿಲ್ಲ. "ನೋಡಮ್ಮ, ಚೀಲ ನೋಡಿ ಯಾರೂ ಚಹಾ ಕೊಳ್ಳಲ್ಲ, ಬಿಳಿ ಚೀಲ ಅಂದರೆ ಸ್ಯಾಂಪಲ್ ಅಂದುಕೊಳ್ಳುತ್ತಾರೆ" ಅಂದರು. ನಮ್ಮ ಸಗಟು ವ್ಯಾಪಾರಿಯೂ ಅದನ್ನೇ ಹೇಳಿದರು.

ನನ್ನನ್ನು ಗಟ್ಟಿ ಮಾಡಿದ್ದು ದುಡ್ಡಿನ ಲೆಕ್ಕ. ಪೌಚ್ ಮೇಲೆ ಗ್ರಾವ್ಯೂರ್ ಪ್ರಿಂಟ್ ಅಂದರೆ ಚಿತ್ರ ಕೊರೆದ ಸಿಲಿಂಡರಿನಿಂದ ಒತ್ತುವುದು, ಬಣ್ಣಕ್ಕೊಂದು ಸಿಲಿಂಡರ್, ನಮಗೆ ಬಂದ ಕೊಟೇಶನ್ನಿನಲ್ಲಿ ಒಂದಕ್ಕೆ 60-70 ಸಾವಿರ ಯೆನ್. ಅದರ ಮೇಲೆ ಪ್ರತಿ ಡಿಸೈನಿಗೆ ಕನಿಷ್ಠ ಹತ್ತು ಸಾವಿರ ಚೀಲ ತೆಗೆದುಕೊಳ್ಳಬೇಕು. ನಮ್ಮ ಹತ್ತಿರ ಏಳೆಂಟು ಬಗೆ ಚಹಾ, ಕೆಲವು ವರ್ಷಕ್ಕೆ 600 ಪ್ಯಾಕೆಟ್ ಕೂಡ ಹೋಗಲ್ಲ. ಸಾದಾ ಬಿಳಿ ಅಲ್ಯುಮಿನಿಯಂ ಲ್ಯಾಮಿನೇಟ್ ಚೀಲವಾದರೆ ರೆಡಿ ಮಾಲು, ನೂರರ ಲೆಕ್ಕದಲ್ಲಿ ಸಿಗುತ್ತದೆ. ಗುರುತೆಲ್ಲ ಪಟ್ಟಿಯ ಮೇಲೆ. ಇಲ್ಲಿ ಅದಕ್ಕೆ ಓಬಿ ಅಂತಾರೆ. ಪಟ್ಟಿ ಬೇಕಾದಷ್ಟೇ ಪ್ರಿಂಟ್ ಹಾಕಿಸಿಕೊಳ್ಳಬಹುದು.

ಕೇಳುವುದಕ್ಕೆ ಸುಲಭ. ಮೊದಲ ವರ್ಷ ಒಂದೂ ನಿಲ್ಲಲಿಲ್ಲ. ಕೈಯಲ್ಲಿ ಮಾಡಿದ ವಾಶಿ ಕಾಗದ ತಂದೆವು, ನೋಡಲು ಎಷ್ಟು ಚೆನ್ನ! ಆದರೆ ಪ್ಯಾಕೆಟ್ಟಿಗೆ 60 ಯೆನ್ ಅದೊಂದಕ್ಕೇ. ಸಾಲದ್ದಕ್ಕೆ ಫ್ರಿಜ್ಜಿನಿಂದ ಹೊರಗೆ ತೆಗೆದ ಕೂಡಲೇ ಚೀಲ ಬೆವರುತ್ತದೆ, ಪಟ್ಟಿ ಒದ್ದೆಯಾಗಿ ಗುಳ್ಳೆ ಏಳುತ್ತದೆ. ನೀರು ತಡೆಯಲಿ ಅಂತ ಕಾಕಿಶಿಬು, ಅಂದರೆ ಪರ್ಸಿಮನ್ ಹಣ್ಣಿನ ಒಗರು ರಸ ಬಳಿದ ಕಾಗದ ಹಿಡಿದೆವು. ಬಣ್ಣ ಅದ್ಭುತ, ವಾಸನೆ ಮಾತ್ರ ತಡೆಯಕ್ಕಾಗಲ್ಲ. ಚಹಾ ಯಾವ ವಾಸನೆಯನ್ನಾದರೂ ಹೀರುತ್ತೆ, ಬಿಚ್ಚಿದ ಚೀಲದ ಪಕ್ಕ ಅದನ್ನು ಇಡುವ ಹಾಗೇ ಇಲ್ಲ. ಗಿಫ್ಟಿಗೆ ಸಣ್ಣ ಮರದ ಡಬ್ಬಿ ಮಾಡಿಸಿದ್ದೂ ಇದೇ ಕಾರಣಕ್ಕೆ ಬಿದ್ದುಹೋಯಿತು. ಇದೆಲ್ಲ ಸೇರಿ ಆರು ಲಕ್ಷ ಯೆನ್ ಹತ್ತಿರ ಹೋಗಿರಬೇಕು. ಕೊನೆಗೆ ಒಂದು ಸಣ್ಣ ಗಿರಣಿಯ ಯಂತ್ರದ ಕಾಗದ ಹೊಂದಿತು. ಉದ್ದನೆ ನಾರು ಬೆರೆಸಿದ್ದು, ಒದ್ದೆಯಾದರೂ ಮೈ ಬಿಡಲ್ಲ. ಗಿರಣಿ ಯಾವುದು, ಎಷ್ಟು ನಾರು ಅಂತ ಇಲ್ಲಿ ಬರೆಯಲ್ಲ, ಅದು ನಮ್ಮ ಮನೆಯದ್ದಾಗಿ ಇರಲಿ.

ಚಿತ್ರದ ವಿಷಯಕ್ಕೆ ಬಂದರೆ, ಶಿಜುವೋಕಾದಲ್ಲೇ ಹುಟ್ಟಿದ ಸೆರಿಜಾವಾ ಕೆಯಿಸುಕೆ (1895-1984) ಅವರ ಕೊರೆಯಚ್ಚಿನ ಬಟ್ಟೆಗಳ ಮ್ಯೂಸಿಯಂ ನಗರದಲ್ಲೇ ಇದೆ. ಅಲ್ಲಿ ನೋಡಿ ಕಲಿತದ್ದು ಒಂದು ವಿಷಯ. ಕಾಗದ ಕೊರೆದು ಅಚ್ಚು ಮಾಡಿದಾಗ ಯಾವ ಗೆರೆಯೂ ಒಂಟಿಯಾಗಿ ನಿಲ್ಲುವಂತಿಲ್ಲ, ಎಲ್ಲೋ ಒಂದು ಕಡೆ ಪಕ್ಕದ್ದಕ್ಕೆ ಸೇರಿಕೊಂಡಿರಬೇಕು, ಇಲ್ಲದಿದ್ದರೆ ಆ ತುಂಡು ಕಳಚಿ ಬೀಳುತ್ತದೆ. ನಮ್ಮ ಚಿತ್ರವನ್ನೂ ಹಾಗೇ ಕತ್ತಿಯಲ್ಲಿ ಕೊರೆದು ಆಮೇಲೆ ಸ್ಕ್ಯಾನ್ ಮಾಡಿದೆ. ಕಂಪ್ಯೂಟರಿನಲ್ಲಿ ಬರೆದ ಗೆರೆಗೆ ಆ ಕಳೆ ಬರಲ್ಲ. ಮೇಲಿನಿಂದ ಕಾಣುವ ಚಹಾ ಸಾಲುಗಳ ಬಾಗು, ಮಧ್ಯೆ ಫ್ಯಾನ್ ಕಂಬಗಳು. ಎಳೆ ಚಿಗುರಿನ ಮೇಲೆ ಹಿಮ ಕೂರದಂತೆ ಮೇಲಿನ ಬೆಚ್ಚಗಿನ ಗಾಳಿಯನ್ನು ಕೆಳಗೆ ತಳ್ಳುವ ಫ್ಯಾನ್‌ಗಳು ಇಲ್ಲಿ ತೋಟದ ತುಂಬ ಇವೆ. ಕರೆಂಟ್ ಫ್ಯಾನ್ ಪರಂಪರೆ ಹೇಗಾಯಿತು ಅಂತ ಮಾವ ಕೇಳಿದರು. ಅದಿಲ್ಲದೆ ಏಪ್ರಿಲ್ ದಾಟಿದ್ದೀರಾ ಅಂದೆ. ಸುಮ್ಮನಾದರು. ಈಗ ಗಿರಾಕಿಗಳು ಮೊದಲು ಬೆರಳು ತೋರಿಸುವುದು ಅದಕ್ಕೇ.

ಕಟ್ಟುವ ಕೆಲಸ ಪಾರ್ಟ್‌ಟೈಮ್ ಬರುವ ಅಕ್ಕಂದಿರದ್ದು. ಕಾಗದದ ಉದ್ದ ಎರಡು ಮಿಲಿಮೀಟರ್ ಜಾಸ್ತಿಯಾದರೂ ಪಟ್ಟಿ ಜಾರುತ್ತದೆ. ವ್ಯಾಕ್ಯೂಮ್ ಮಾಡಿದ ಚೀಲದಲ್ಲಿ ಸುಕ್ಕು, ಪಟ್ಟಿ ನಿಲ್ಲಲ್ಲ. ನೈಟ್ರೋಜನ್ ತುಂಬಿದರೆ ಚೀಲ ಉಬ್ಬಿ ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ದಪ್ಪ 3 ಸೆಂಟಿಮೀಟರ್ ದಾಟಿದರೆ ಅಗ್ಗದ ಅಂಚೆಯಲ್ಲಿ ಹೋಗಲ್ಲ. ಚೀಲ ಸ್ವಲ್ಪ ಅಗಲ ಮಾಡಿ, ಅನಿಲ ಕಡಿಮೆ ಮಾಡಿ, 2.7ರ ಆಸುಪಾಸಿಗೆ ತಂದೆವು. ಹಿಂಬದಿ ಮಡಿಕೆಗೆ ಇಲ್ಲಿನ ಕಾಣಿಕೆ ಲಕೋಟೆಯ ಕ್ರಮವನ್ನೇ ಇಟ್ಟಿದ್ದೇವೆ. ಶುಭಕ್ಕೆ ಕೆಳಗಿನ ಮಡಿಕೆ ಮೇಲೆ ಬರಬೇಕು, ಸಾವಿಗೆ ಮೇಲಿನದು ಇಳಿದು ಕೆಳಗಿನದನ್ನು ಮುಚ್ಚಬೇಕು. ಹೀಗಾಗಿ ಒಂದೇ ಅಚ್ಚು ಎರಡಕ್ಕೂ ಆಗುತ್ತದೆ, ಕಾಗದದ ಬಣ್ಣ ಬೇರೆ ಅಷ್ಟೇ. ಅಂಟಿಲ್ಲದೆ ಅದು ಹೇಗೆ ಕೂರುತ್ತೆ ಅನ್ನುವುದನ್ನು ಮಾತ್ರ ಕೇಳಬೇಡಿ. ಕಾನೂನಿನ ವಿವರ ಪಟ್ಟಿಯ ಮೇಲೆ ಹಾಕಲಿಲ್ಲ, 8 ಪಾಯಿಂಟಿಗಿಂತ ಸಣ್ಣ ಅಕ್ಷರ ನಡೆಯಲ್ಲವಾದ್ದರಿಂದ ಅಂದ ಕೆಡುತ್ತದೆ. ಅದು ಚೀಲದ ಹಿಂದಿನ ಸ್ಟಿಕ್ಕರಿಗೆ ಹೋಯಿತು.

ಮಧ್ಯದಲ್ಲಿ ಒಂದು ಪ್ರಯೋಗ. ಊರಿಂದ ಬಂದ ಚಿಕ್ಕಮಗಳೂರು ಕಾಫಿಯನ್ನು ಇದೇ ಚೀಲಕ್ಕೆ ತುಂಬಿ ಪಟ್ಟಿ ಕಟ್ಟಿ ನೋಡಿದೆ. ಹೊಸದಾಗಿ ಹುರಿದ ಕಾಫಿ ಅನಿಲ ಬಿಡುತ್ತಲೇ ಇರುತ್ತೆ ಅಲ್ವಾ, ಎರಡೇ ದಿನಕ್ಕೆ ಚೀಲ ಊದಿ ಪಟ್ಟಿ ಹರಿಯಿತು. ನೀವು ಇದನ್ನು ಮಾಡುವುದಾದರೆ ವಾಲ್ವ್ ಇರುವ ಚೀಲ ತೆಗೆದುಕೊಳ್ಳಿ, ವಾಲ್ವ್ ಮೇಲೆ ಪಟ್ಟಿ ಬರದಂತೆ ನೋಡಿಕೊಳ್ಳಿ.

ಈಗ ಒಂದು ಪ್ಯಾಕೆಟ್ಟಿಗೆ ಕೂಲಿ ಸೇರಿ 45 ಯೆನ್ ಬೀಳುತ್ತೆ, ಮೊದಲು 28 ಇತ್ತು. ಆದರೆ 1,080 ಯೆನ್ ಇದ್ದ ಸೆಂಚಾ 1,300ಕ್ಕೆ ಹೋಗುತ್ತಿದೆ. ಹಳೆ ಚೀಲ ಗೋದಾಮಿನಲ್ಲಿ ಕೊಳೆಯುವ ಚಿಂತೆಯೂ ಇಲ್ಲ. ಮೂರರ ಸೆಟ್ ಸರಿಸುಮಾರು ಎರಡು ಪಟ್ಟು ಮಾರುತ್ತಿದೆ. ಪಂಚಾಂಗದ ವಸಂತ ಶುರುವಾದ ದಿನದಿಂದ ಎಣಿಸಿ ಮೇ 2ರ ಸುಮಾರಿಗೆ ಬರುವ ಎಂಬತ್ತೆಂಟನೇ ರಾತ್ರಿಯ ಚಹಾಕ್ಕೆ ಜನ ಹುಡುಕಿಕೊಂಡು ಬರುತ್ತಾರೆ, ಅದಕ್ಕೆ ಕಾಗದವನ್ನು ಜನವರಿಯಲ್ಲೇ ಹೇಳಿಬಿಡುತ್ತೇವೆ, ಆಮೇಲೆ ಗಿರಣಿಯವರಿಗೆ ಪುರುಸೊತ್ತಿರಲ್ಲ. ಉಳಿದಿರುವುದು ಸಾವಿನ ಮನೆಯ ಸೆಟ್ಟಿನ ಬಣ್ಣ. ನಾನು ಮಾಸಲು ಹಸಿರು ಅನ್ನುತ್ತೇನೆ, ಅತ್ತೆ ತಿಳಿನೇರಳೆ ಅನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಹಿರಿಯರ ಸಮಾಧಿಗೆ ಹೋಗುವ ಹಿಗಾನ್ ವಾರ ಬರುತ್ತದೆ, ಅದರೊಳಗೆ ಎರಡನ್ನೂ ಒಂದಷ್ಟು ಪ್ರಿಂಟ್ ಹಾಕಿಸಿ ಅಂಗಡಿಯಲ್ಲಿ ಇಡುತ್ತಿದ್ದೇವೆ.